ಒರೆ

ನಮ್ಮ ಮನೆಯಲ್ಲಿ ಒರೆ ಎಂದರೆ ಕಲ್ಲು,
ಅಂಗೈಯಗಲದ್ದು, ಕಪ್ಪನೆಯದು, ಮಾವನವರ ಅಪ್ಪ ತಂದದ್ದು.
ತೀನ್ ಕಂದೀಲಿನ ಬಂದೂಕಿನಂಗಡಿಯಲ್ಲಿ
ಒರೆ ಎಂದರೆ ತೊಗಲು.
“ಒರಿ ಬ್ಯಾರೆ ತಗೋಬೇಕ್ರಿ ಅಕ್ಕಾರ, ಅದರ ರೊಕ್ಕ ಬ್ಯಾರೆ”
ಎಂದ ಗೋಪಾಲಸಿಂಗ್.

ಮೊದಲು ತೆಗೆದಿಟ್ಟದ್ದು ಮಖಮಲ್ಲಿನ ಡಬ್ಬಿ.
ಹೆಂಗಸರಿಗೆಂದೇ ಮಾಡಿದ್ದಂತೆ.
ನಗು ಬಂತು. ಲಿಂಗಸುಗೂರಿನ ಪತ್ತಾರರ ಸೊಸೆ ನಾನು,
ಇಂಥ ಡಬ್ಬಿಯೊಳಗೆ ಕೂತು ಬಂದದ್ದು
ಎಷ್ಟು ಮದುವೆ ಮುರಿದಿದೆ ಎಂದು ಬಲ್ಲವಳು.
ಎತ್ತಿದೆ. ನಲವತ್ಮೂರು ತೊಲ, ಗುಂಜಿ ಅತ್ತಿತ್ತ.
“ಹಗುರ ಅದ.”
“ಹಗುರಾದದ್ದೇ ಜಾಸ್ತಿ ಒದೀತದ್ರಿ.”

ಎರಡನೆಯದು ಗುಂಡುಗಳನ್ನು ಹಿಡಿಕೆಯೊಳಗೆ ನುಂಗಿಕೊಳ್ಳುವಂಥದು.
ಮೇಲಿನ ಪಟ್ಟಿ ಎಳೆಯಲು ನನ್ನ ಬೆರಳು ಸಾಲಲಿಲ್ಲ.
ಮೂರನೆಯದು ಅರವತ್ತು ತೊಲ, ಹಳೆಯ ನಮೂನೆ,
ತೆರೆದರೆ ಆರು ಮನೆ ಆರೂ ಬಾಗಿಲು ಕಾಣುತ್ತವೆ,
ಯಾವುದರಲ್ಲಿ ಯಾರಿದ್ದಾರೆ, ಯಾವುದು ಖಾಲಿ.
ಇದೇ ಇರಲಿ ಎಂದೆ.
ಲೆಕ್ಕ ಕಣ್ಣಿಗೆ ಕಾಣಬೇಕು.

ಕವಿತಾಳ ದಾಟಿದ ಕತ್ತಲಲ್ಲಿ
ಮೂವರು, ಒಂದು ಬೈಕು, ಒಂದು ಕಬ್ಬಿಣದ ಸಲಾಕೆ.
ಚೀಲ ಹೋಯಿತು. ಮೌನೇಶನ ಮಣಿಕಟ್ಟು ಹೋಯಿತು.
ಈಗ ಅವನು ಊದುಗೊಳವೆ ಹಿಡಿದರೆ
ಉರಿ ನಡುಗುತ್ತದೆ.
ಕರಗಿಸಲು ರಾಯಚೂರಿಗೆ ಬಂಗಾರ ಒಯ್ಯುವವಳು ನಾನೇ.
“ಲೈಸೆನ್ಸು ಗಂಡನ ಹೆಸರಿಗಿರಲಿ” ಎಂದಿದ್ದ ಕಚೇರಿಯ ಗುಮಾಸ್ತ.
ಹದಿನಾಲ್ಕು ತಿಂಗಳು ಮೆಟ್ಟಿಲು ಹತ್ತಿದೆ,
ಪ್ರತಿ ಸಲ ಅವನಿಗೆ ನನ್ನದೇ ಹೆಸರು ಹೇಳಿ.

ಮಲಿಯಾಬಾದ್ ಗುಡ್ಡದ ಮಗ್ಗುಲಲ್ಲಿ ಕಲಿಸಿದವರು
ನಿವೃತ್ತ ಹವಾಲ್ದಾರ್ ಬಡೇಸಾಬರು.
ಹತ್ತು ದಿನ ಗುಂಡು ಕೊಡಲಿಲ್ಲ.
ನಳಿಗೆಯ ಮೇಲೆ ಐದು ರೂಪಾಯಿ ಬಿಲ್ಲೆ,
ಕುದುರೆ ಒತ್ತಬೇಕು, ಬಿಲ್ಲೆ ಬೀಳಬಾರದು.
ಬೀಳಲಿಲ್ಲ. ತಕ್ಕಡಿಯ ಮುಳ್ಳು ನಿಲ್ಲುವ ತನಕ
ಇಪ್ಪತ್ತು ವರ್ಷ ಉಸಿರು ಹಿಡಿದಿದ್ದೇನೆ.
ಹನ್ನೊಂದನೆಯ ದಿನ ಆರು ಕೊಟ್ಟರು.
ಎರಡು ಹಲಗೆಗೆ, ನಾಲ್ಕು ಗುಡ್ಡಕ್ಕೆ.
“ಗುಡ್ಡ ಏನು ಮಾಡಿತ್ತವ್ವಾ ನಿನಗ?”

ಬಚ್ಚಿಡುವುದೆಲ್ಲಿ? ಅವರ ಪಾಠವೆಲ್ಲ
ಬೆಲ್ಟು, ಪ್ಯಾಂಟು, ಕೋಟಿನದು.
ಲಂಗದ ಲಾಡಿಗೆ ಖಣದ ಚೀಲ ಹೊಲಿದುಕೊಂಡು ಬಂದೆ,
ಸೀರೆಯ ಉಡಿಯೊಳಗೆ,
ಐದು ಮುಷ್ಟಿ ಅಕ್ಕಿ, ಕೊಬ್ಬರಿ ಬಟ್ಟಲು
ಎಷ್ಟೋ ಸಲ ಕೂತೆದ್ದು ಹೋದ ಜಾಗದಲ್ಲಿ.
ಮೊದಮೊದಲು ತಣ್ಣಗೆ ಚುಚ್ಚುತ್ತಿತ್ತು,
ಆಮೇಲೆ ಮೈಯ ಬಿಸಿಗೆ ಬಂತು.
ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಬಡೇಸಾಬರು ಬೆನ್ನು ತಿರುಗಿಸಿ ನಿಂತು ಎಣಿಸುತ್ತಿದ್ದರು.
ಒಂದು, ಎರಡು, ಮೂರು,
ಸೆರಗು ಸಿಕ್ಕಿಕೊಂಡಿತು.
“ಸತ್ತಿ” ಎನ್ನುವರು, ತಿರುಗದೆಯೇ. “ಮತ್ತ ಮೊದಲಿಂದ.”

ಕಡೆಯ ದಿನ ಚಹಾ ಕುಡಿಯುತ್ತ ಹೇಳಿದರು,
“ಇದು ನಡದಾಗ ಇರೋತನಕ
ಯಾರ ಕೂಡಾನೂ ಜಗಳ ತಗೀಬ್ಯಾಡ.
ಬೈದರ ಬೈಸಿಗೋ. ನೂಕಿದರ ಸರಿ.
ನಿನ್ನ ಸಿಟ್ಟು ಇನ್ನ ಬರೇ ಸಿಟ್ಟಲ್ಲ.”

ಹಾಗೇ ನಡೆದೆ.
ಬಸ್ಸಿನಲ್ಲಿ ಟವೆಲ್ಲು ಹಾಸಿ ಸೀಟು ಹಿಡಿದವನಿಗೆ
ಏನೂ ಅನ್ನಲಿಲ್ಲ, ಸಿರವಾರದವರೆಗೆ ನಿಂತೆ.
ಸಂತೆಯಲ್ಲಿ ಹುಲಿಗೆಮ್ಮ ಬದನೆಕಾಯಿ ತೂಗುವಾಗ
ಐವತ್ತು ಗ್ರಾಂ ಕಡಿಮೆ. ಬೇರೆಯವರಿಗೆ ಕಾಣದು,
ನನಗೆ ಕಾಣದಿದ್ದೀತೇ?
ಚೀಲ ಹಿಡಿದು ಸುಮ್ಮನೆ ಬಂದೆ.
ಮನೆಯಲ್ಲಿ ಮೌನೇಶ,
“ಏನಾತು ನಿನಗ, ದನಿನೇ ಇಲ್ಲ?”

ಚುನಾವಣೆ ಬಂತು.
ಪರವಾನಗಿ ಇದ್ದದ್ದೆಲ್ಲ ಠಾಣೆಯಲ್ಲಿಡಬೇಕೆಂದು ನೋಟಿಸು.
ಕೊಟ್ಟೆ. ಪೇದೆ ಒಂದು ಚೀಟಿ ಬರೆದುಕೊಟ್ಟ,
ಮಡಚಿ ಅದೇ ಖಣದ ಚೀಲದಲ್ಲಿಟ್ಟೆ.
ಹೊರಗೆ ಬಂದರೆ ಬಿಸಿಲು, ಮೈ ಒಂದು ಕಡೆಗೆ ವಾಲುತ್ತಿತ್ತು,
ಅರವತ್ತು ತೊಲ ಇಲ್ಲದ ಕಡೆಗಲ್ಲ, ಇದ್ದ ಕಡೆಗೇ.

ಅಂದು ಸಂತೆ.
ಹುಲಿಗೆಮ್ಮ ಬದನೆಕಾಯಿ ಸುರಿದಳು,
ಕಿರುಬೆರಳು ತಟ್ಟೆಯ ಅಂಚಿಗೆ ತಾಗಿಸಿ, ಎಂದಿನಂತೆ.
“ಬಟ್ಟು ತಗಿ” ಎಂದೆ,
“ತಕ್ಕಡಿ ಎತ್ತು ಇನ್ನೊಮ್ಮೆ”
ಇಡೀ ಸಂತೆ ತಿರುಗಿ ನೋಡುವಂತೆ.